ಅಡುಗೆಮನೆಗೆ ಬಂದ ನೀರು

ಬಸ್ಸಿನಲ್ಲಿ ನನ್ನ ಮುಂದಿನ ಸೀಟಿನಲ್ಲಿ ಒಬ್ಬ ಅಜ್ಜಿ, ಅವರ ಪಕ್ಕದಲ್ಲಿ ನಮ್ಮ ಬಡಾವಣೆಗೆ ಹೊಸದಾಗಿ ಬಂದಿದ್ದ ನರ್ಸ್ ಕೂತಿದ್ದರು.

“ನಿನ್ನೆ ಮಳೆಗೆ ನಮ್ಮ ಅಡುಗೆಮನೇಲಿ ಮೊಣಕಾಲುದ್ದ ನೀರು ಕಣಮ್ಮ. ನಗರಸಭೆಯವರಿಗೆ ಬೈದು ಬರೋಣ ಅಂತ ಹೊರಟಿದೀನಿ. ನಿಮ್ಮಂಥ ಹೊಸಬರು ಬಂದೇ ಊರು ಕೆಟ್ಟಿದ್ದು.”

“ಮೊದಲು ಹೇಗಿತ್ತಜ್ಜಿ?”

“ನಾನು ಮದುವೆಯಾಗಿ ಬಂದಾಗ ಎಂಥಾ ಕೆರೆ ಇತ್ತು ಅಂತೀಯ. ದಂಡೇಲೇ ಬಟ್ಟೆ ಒಗೀತಿದ್ವಿ.”

“ಎಲ್ಲಿತ್ತು?”

“ಈಗ ನಮ್ಮ ಮನೆ ಇದೆಯಲ್ಲ, ಅಲ್ಲೇ.”

“ಕೆರೆ ಮುಚ್ಚಿದ್ದು ಯಾರು ಮತ್ತೆ?”

“ಮೊದಲನೇ ಲೋಡು ಮಣ್ಣು ನಮ್ಮೆಜಮಾನ್ರು ಹಾಕಿಸಿದ್ದು. ಅದನ್ನ ನೋಡಿ ಹೊಟ್ಟೆಕಿಚ್ಚಿಗೆ ಉಳಿದವರೂ ಸುರಿದ್ರು.”

“ಹಾಗಿದ್ಮೇಲೆ ನೀರು ಬಂತು ಅಂತ ಯಾಕೆ ಬೈತೀರ?”

“ಹೇಳದೆ ಕೇಳದೆ ಮನೆಯೊಳಗೆ ನುಗ್ಗಿದ್ರೆ ಬೈಬಾರ್ದಾ?”

“ಅದೇನು ಹೊಸದಾಗಿ ಬಂದಿದ್ದಲ್ಲ ಅಜ್ಜಿ. ಅಲ್ಲಿ ನಿಮಗಿಂತ ಮುಂಚಿನಿಂದ ಇದ್ದಿದ್ದು ಅದೇ.”

“ಈ ಹೊಸಬರಿಗೆ ಬಾಯಿ ಜಾಸ್ತಿ,” ಎನ್ನುತ್ತ ಅಜ್ಜಿ ನಗರಸಭೆಯ ಸ್ಟಾಪಿನಲ್ಲಿ ಇಳಿದುಹೋದರು.