ಚಿತ್ತಪ್ಪ ಮಡಚಿಟ್ಟ ಜಾಕೆಟ್

ವೇದಿಕೆಯ ಮೇಲಿರುವ ಹಿರಿಯ ಅಧಿಕಾರಿಗಳಿಗೆ, ನನ್ನ ಜೊತೆ ಖಾಕಿ ತೊಟ್ಟವರಿಗೆ, ರಾಂಪುರ, ಮೊಳಕಾಲ್ಮೂರು, ಚಳ್ಳಕೆರೆ ಕಡೆಯಿಂದ ಕೆಲಸ ಬಿಟ್ಟು ಬಂದಿರುವ ಬಂಧುಗಳಿಗೆ — ನಮಸ್ಕಾರ. ಮುಂದಿನ ಸಾಲಿನಲ್ಲಿ ಕೂತಿರುವ ಚಿತ್ತಪ್ಪನ ತಾಯಿ ಉಚ್ಚಂಗೆಮ್ಮನವರಿಗೆ, ಅವನ ಪತ್ನಿ ನಾಗರತ್ನಮ್ಮನವರಿಗೆ — ಏನು ಹೇಳಲಿ — ನಿಮಗೂ ನಮಸ್ಕಾರ.

ನಾನು ಗಾದ್ರಪ್ಪ, ಎ.ಎಸ್.ಐ. ಚಿತ್ತಪ್ಪನೂ ನಾನೂ ಒಂದೇ ಬ್ಯಾಚು. ತರಬೇತಿಯಲ್ಲಿ ಅಕ್ಕಪಕ್ಕದ ಮಂಚ. ಸಭೆಯಲ್ಲಿ 'ಚಿತ್ತಪ್ಪನವರು' ಅನ್ನಬೇಕು, ಗೊತ್ತು. ಮನೆಯಿಂದ ಬರುವಾಗ ದಾರಿಯುದ್ದಕ್ಕೂ ಅಭ್ಯಾಸ ಮಾಡಿಕೊಂಡೇ ಬಂದೆ. ಬಾಯಿಗೆ ಬರ್ತಾ ಇಲ್ಲ. ಅವನಿದ್ದಾಗ 'ಲೇ ಚಿತ್ತ' ಅಂತಲೇ ಕರೆದವನು ನಾನು. ಅದಕ್ಕೆ 'ಅವನು' ಅಂತಲೇ ಹೇಳುತ್ತೇನೆ. ದೊಡ್ಡವರು ಬೇಜಾರು ಮಾಡಿಕೊಳ್ಳಬೇಡಿ.

ಇನ್ನೊಂದು ಮಾತು. ಇಂಥ ಸಭೆಗಳಲ್ಲಿ ಮಾತಾಡಿ ಮಾತಾಡಿ ನನಗೆ ಸಾಕಾಗಿದೆ. ಸುಳ್ಳು ಹೇಳಲ್ಲ. ಚುನಾವಣೆ ಬಂದೋಬಸ್ತಿನಲ್ಲಿ ಎದೆ ಹಿಡಿದುಕೊಂಡು ಕೂತವನೊಬ್ಬ ಏಳಲೇ ಇಲ್ಲ — ಅವನಿಗೂ ನಾನೇ ಮಾತಾಡಿದೆ. ಕೈದಿಯನ್ನು ಕೋರ್ಟಿಗೆ ಕರೆದೊಯ್ಯುವಾಗ ಜೀಪು ಮಗುಚಿ ಹೋದನಲ್ಲ, ಅವನಿಗೂ ನಾನೇ. 'ಗಾದ್ರಪ್ಪ ಚೆನ್ನಾಗಿ ಮಾತಾಡ್ತಾನೆ' ಅಂತ ಮೈಕು ಕೊಟ್ಟುಬಿಡುತ್ತಾರೆ. ತುಂಬಲಾರದ ನಷ್ಟ, ಇಲಾಖೆ ನಿಮ್ಮ ಜೊತೆ ಇದೆ, ದೇವರು ದುಃಖ ಸಹಿಸುವ ಶಕ್ತಿ ಕೊಡಲಿ. ಫ್ಲೆಕ್ಸಿನಲ್ಲಿ ಫೋಟೋ ಬದಲಾಗುತ್ತದೆ, ಮಾತು ಅವವೇ. ಇವತ್ತು ಏನೂ ಬರೆದುಕೊಂಡು ಬಂದಿಲ್ಲ. ಆದದ್ದನ್ನು ಆದ ಹಾಗೆ ಹೇಳಿ ಇಳಿದುಬಿಡುತ್ತೇನೆ.

ಬಳ್ಳಾರಿ ರಸ್ತೆಯಲ್ಲಿ ಓಡಾಡಿದವರಿಗೆ ಕರಿಬಂಡೆ ಗೇಟ್ ಗೊತ್ತಿರುತ್ತದೆ. ಒಂದು ಬಸ್ ಸ್ಟಾಪು, ಒಂದು ಬೇವಿನ ಮರ, ಬಾಬು ಸಾಬರ ಪಂಕ್ಚರ್ ಅಂಗಡಿ. ಅಷ್ಟೇ. ಆದರೆ ಅಲ್ಲೇ ರಸ್ತೆ ತಿರುಗುತ್ತದೆ, ಅಲ್ಲೇ ಕುರಿಯವರು ರಸ್ತೆ ದಾಟುತ್ತಾರೆ. ಈಚೆ ಮೇವು, ಆಚೆ ನೀರು. ರಸ್ತೆ ಅಗಲ ಮಾಡಿದವರಿಗೆ ಕುರಿ ನೆನಪಾಗಲಿಲ್ಲ. ಅಪಘಾತದ ಮೇಲೆ ಅಪಘಾತ ಆಗಿ, ಕೊನೆಗೆ ಎರಡು ಬ್ಯಾರಿಕೇಡ್ ಇಟ್ಟು, ಹಗಲು ಹೊತ್ತು ನಮ್ಮ ಠಾಣೆಯಿಂದ ಒಬ್ಬರನ್ನು ಪಾಯಿಂಟಿಗೆ ಹಾಕಿದರು. ಬೇರೆ ಯಾರಿಗೂ ಆ ಪಾಯಿಂಟ್ ಬೇಡ. ಬಿಸಿಲು, ಧೂಳು, ಫೋನಿಗೆ ಟವರ್ ಕೂಡ ಸಿಗಲ್ಲ. ಚಿತ್ತಪ್ಪ ತಾನಾಗೇ ಕೇಳಿ ಹಾಕಿಸಿಕೊಂಡ. ಯಾಕೋ ಅಂದೆ. 'ಸ್ಟೇಷನ್‌ನಾಗೆ ಕುಂತ್ರೆ ಮನುಷ್ಯರ ಜಗಳ ಬಿಡಿಸ್ಬೇಕು. ಇಲ್ಲಿ ಬರೀ ಕುರಿ. ಆರಾಮೈತೆ ಬಿಡ್ಲೇ' ಅಂದ.

ಅವನು ಲಾರಿ ನಿಲ್ಲಿಸುತ್ತಿದ್ದುದನ್ನು ನೋಡಬೇಕಿತ್ತು ನೀವು. ನಮ್ಮ ಹಾಗೆ ಸೀಟಿ ಊದಿ, ಲಾಠಿ ಬೀಸಿ ಅಲ್ಲ. ಕೈ ಹೀಗೆ — ಹೀಗೆ ಎತ್ತಿ, ಸುಮ್ಮನೆ ನಿಲ್ಲುತ್ತಿದ್ದ. ಆಂಧ್ರದ ಲಾರಿಯಾದರೆ 'ಆಗಪ್ಪಾ, ಗೊರ್ರೆಲು ಪೋನೀ' — ನಿಲ್ಲಪ್ಪ, ಕುರಿ ಹೋಗಲಿ ಅಂತ ತೆಲುಗಿನಲ್ಲಿ. ಕನ್ನಡದವನಾದರೆ 'ಇಂಜಿನ್ ಆಫ್ ಮಾಡಿ ಒಂದು ಬೀಡಿ ಹಚ್ಚು'. ಡ್ರೈವರ್ ಬೈದರೆ ನಗುತ್ತಿದ್ದ. ಕೊನೆಯ ಕುರಿ ದಾಟಿದ ಮೇಲೆ ಆ ಡ್ರೈವರಿಗೇ ಒಂದು ಸಲ್ಯೂಟ್ ಹೊಡೆಯುತ್ತಿದ್ದ. ಲೇ, ಎಸ್.ಪಿ. ಸಾಹೇಬರಿಗೂ ಇಷ್ಟು ಚೆನ್ನಾಗಿ ಹೊಡೆಯಲ್ವಲ್ಲೋ ಅಂತ ನಾನು ರೇಗಿಸಿದ್ದೇನೆ. ಸಾಹೇಬರು ಇಲ್ಲೇ ಇದ್ದಾರೆ, ಕ್ಷಮಿಸಬೇಕು.

ಈಗ ಜಾಕೆಟ್ಟಿನ ವಿಷಯ. ಇದನ್ನು ಸ್ವಲ್ಪ ಗಮನ ಇಟ್ಟು ಕೇಳಿ. ಎಲ್ಲ ಇದರ ಮೇಲೇ ನಿಂತಿದೆ.

ರಸ್ತೆಯಲ್ಲಿ ನಿಲ್ಲುವವರಿಗೆ ಹೊಳೆಯುವ ಪಟ್ಟಿ ಇರುವ ಜಾಕೆಟ್ ಕೊಡುತ್ತಾರಲ್ಲ, ಆ ಪಾಯಿಂಟಿಗೆ ಅದು ಇದ್ದದ್ದು ಒಂದೇ. ಬೆಳಗಿನವರು ಹಾಕಿಕೊಂಡದ್ದನ್ನೇ ಮಧ್ಯಾಹ್ನದವರು ಹಾಕಿಕೊಳ್ಳಬೇಕು. ಮಧ್ಯಾಹ್ನ ರಿಲೀವರ್ ಬರುವುದು ಚಳ್ಳಕೆರೆ ಕಡೆಯ ಬಸ್ಸಿನಲ್ಲಿ. ಬೆಳಗಿನವರು ಮನೆಗೆ ಹೋಗಬೇಕಾದ್ದೂ ಅದೇ ಬಸ್ಸಿಗೆ. ಅವರು ಇಳಿಯಬೇಕು, ಇವರು ಹತ್ತಬೇಕು. ಬಸ್ಸು ಅಲ್ಲಿ ನಿಲ್ಲುವುದು ಎಷ್ಟು ಹೊತ್ತು? ಗುಂಡಿ ಬಿಚ್ಚಿ ಜಾಕೆಟ್ ಕೈಗೆ ಕೊಡುವಷ್ಟರಲ್ಲಿ ಕಂಡಕ್ಟರ್ ಸೀಟಿ ಊದಿರುತ್ತಾನೆ. ಅದಕ್ಕೆ ನಮ್ಮವರು ಒಂದು ರೂಢಿ ಮಾಡಿಕೊಂಡಿದ್ದರು. ಬಸ್ಸು ದೂರದ ತಿರುವಿನಲ್ಲಿ ಕಂಡ ತಕ್ಷಣ ಜಾಕೆಟ್ ತೆಗೆದು, ಮಡಚಿ, ಬ್ಯಾರಿಕೇಡಿನ ಮೇಲೆ ಇಡುವುದು. ಇಳಿದವರು ಎತ್ತಿ ಹಾಕಿಕೊಳ್ಳುವುದು. ನಾನೂ ಮಾಡಿದ್ದೇನೆ. ಆ ಪಾಯಿಂಟಿಗೆ ಹೋದವರೆಲ್ಲ ಮಾಡಿದ್ದೇವೆ. ಹೊರಗಿನವರಿಗೆ ಇದು ತಪ್ಪು ಅನ್ನಿಸುತ್ತದೆ. ತಪ್ಪೇ. ಎರಡನೇ ಜಾಕೆಟ್ ಇದ್ದಿದ್ದರೆ ಯಾರೂ ಮಾಡುತ್ತಿರಲಿಲ್ಲ.

ಅವತ್ತು ಬಸ್ಸು ತಿರುವಿನಲ್ಲಿ ಕಂಡಿತು. ಚಿತ್ತಪ್ಪ ಜಾಕೆಟ್ ತೆಗೆದ, ಮಡಚಿದ, ಬ್ಯಾರಿಕೇಡಿನ ಮೇಲಿಟ್ಟ. ಬಸ್ಸು ನಿಂತಿತು. ಬಾಗಿಲು ತೆಗೆಯಿತು. ಯಾರೂ ಇಳಿಯಲಿಲ್ಲ.

ಕಂಡಕ್ಟರ್ ಸಿದ್ದಲಿಂಗೇಶ್ ಇಲ್ಲೇ ಬಂದಿದ್ದಾರೆ. ಅವರು ನನಗೆ ಹೇಳಿದ ಮಾತು ಇದು: 'ಹತ್ರಿ ಚಿತ್ತಪ್ಪಣ್ಣ, ಸೀಟೈತೆ ಅಂದೆ. ಇಲ್ಲಪ್ಪ, ರಿಲೀವ್ ಮಾಡೋ ಹುಡುಗಿ ಬಂದಿಲ್ಲ, ನೀನು ಹೋಗು ಅಂದ್ರು.' ಬಾಬು ಸಾಬರು ಅಂಗಡಿಯಿಂದ ಕೂಗಿದ್ದಾರೆ: 'ಊಟಾನಾದ್ರೂ ಮಾಡ್ಕೊಂಡು ಬರ್ರಿ ಅಣ್ಣ, ಅಷ್ಟೊತ್ತು ನಾನ್ ನೋಡ್ಕೊಂತೀನಿ.' ಅದಕ್ಕೆ ಇವನು, 'ನೀನು ಟೈರ್ ನೋಡ್ಕೋ ಬಾಬಣ್ಣ' ಅಂತ ನಕ್ಕಿದ್ದಾನೆ. ಅಷ್ಟರಲ್ಲಿ ಕುರಿ ಆಗಲೇ ರಸ್ತೆಗೆ ಇಳಿದಿದ್ದವು. ಕುರಿ ನಿಮಗೆ ಗೊತ್ತಲ್ಲ — ಮುಂದಿನದು ಇಳಿಯಿತೆಂದರೆ ಹಿಂದಿನದನ್ನು ಹಿಡಿಯಲಾಗಲ್ಲ. ಬಸ್ಸಿನ ಹಿಂದೆಯೇ ಒಂದು ಲಾರಿ ಬರುತ್ತಿತ್ತು. ಚಿತ್ತಪ್ಪ ಜಾಕೆಟ್ ಕಡೆ ತಿರುಗಲಿಲ್ಲ. ಸೀದಾ ರಸ್ತೆಗೆ ಹೋಗಿ ಕೈ ಎತ್ತಿ ನಿಂತ. ಬಿಸಿಲು, ಧೂಳು, ಖಾಕಿ ಬಟ್ಟೆ. ಡ್ರೈವರ್ ಬ್ರೇಕ್ ಹಾಕಿದ್ದಾನೆ. ಹಾಕಿದ್ದು ತಡವಾಯಿತು.

ಅಷ್ಟೇ.

ಆಸ್ಪತ್ರೆಯ ಮುಂದೆ ಉಚ್ಚಂಗೆಮ್ಮನವರು ನನ್ನ ತೋಳು ಹಿಡಿದು ಕೇಳಿದ್ದು ಒಂದೇ ಮಾತು. 'ಗಾದ್ರಪ್ಪ, ಆ ಕುರಿ ಎಲ್ಲಾ ದಾಟಿದ್ವೇನಪ್ಪಾ?' ದಾಟಿದವು ಅವ್ವ, ಒಂದೂ ಸಾಯಲಿಲ್ಲ ಅಂದೆ. 'ಹಂಗಾರೆ ಸರಿ' ಅಂದರು. ಆಮೇಲೆ ಅಲ್ಲೇ ನೆಲದ ಮೇಲೆ ಕೂತುಬಿಟ್ಟರು. ಇಷ್ಟು ವರ್ಷ ಪೊಲೀಸ್ ಕೆಲಸ ಮಾಡಿ ಗಟ್ಟಿಯಾಗಿದ್ದೇನೆ ಅಂದುಕೊಂಡಿದ್ದೆ. ಆಗಿಲ್ಲ.

ಇನ್ನು ಹೇಳಬೇಕೋ ಬೇಡವೋ ಅನ್ನುವ ಭಾಗ. ಹೇಳುತ್ತೇನೆ.

ವಿಚಾರಣೆಗೆ ಹೊರಗಿನಿಂದ ಬಂದವರು ಬ್ಯಾರಿಕೇಡಿನ ಮೇಲೆ ಮಡಚಿಟ್ಟ ಜಾಕೆಟ್ಟಿನ ಫೋಟೋ ನೋಡಿದರು. ಪಾಳಿಯ ಹೊತ್ತು ಮುಗಿದಿತ್ತು. ಬರೆದರು: ಕರ್ತವ್ಯ ಮುಗಿಸಿ, ಜಾಕೆಟ್ ತೆಗೆದಿಟ್ಟು, ಮನೆಗೆ ಹೊರಟಿದ್ದ ವೇಳೆ ರಸ್ತೆ ಅಪಘಾತದಲ್ಲಿ ಮೃತ. ನಾನು ಅವರನ್ನು ದೂರಲ್ಲ. ನಮ್ಮ ರೂಢಿ ಅವರಿಗೆ ಹೇಗೆ ಗೊತ್ತಾಗಬೇಕು? ಹೇಳಬೇಕಾದವರು ನಾವು. ರಿಲೀವರ್ ಬರುವ ತನಕ ಪಾಯಿಂಟ್ ಬಿಡಬಾರದು ಅಂತ ಮೊದಲ ದಿನವೇ ಹೇಳಿಕೊಡುತ್ತೇವೆ. ಅದನ್ನು ಪಾಲಿಸಿದವನನ್ನು ಮನೆಗೆ ಹೊರಟಿದ್ದ ಅಂತ ಬರೆದಿದ್ದಾರೆ.

ಇದರಿಂದ ಏನಾಯಿತು? ಅಕ್ಟೋಬರ್ ಇಪ್ಪತ್ತೊಂದಕ್ಕೆ ಪೊಲೀಸ್ ಹುತಾತ್ಮರ ದಿನ. ಮೈದಾನದಲ್ಲಿ ಪರೇಡ್ ನಿಲ್ಲಿಸಿ, ಆ ವರ್ಷ ಕರ್ತವ್ಯದಲ್ಲಿ ತೀರಿಹೋದವರ ಹೆಸರು ಓದುತ್ತಾರೆ. ಚಿತ್ತಪ್ಪನ ಹೆಸರು ಅದರಲ್ಲಿ ಬರಲ್ಲ.

ನಾಗರತ್ನಮ್ಮನವರು ಇದನ್ನೊಂದೇ ಕೇಳಿದ್ದು. ಪರಿಹಾರ, ನೌಕರಿ ಯಾವುದರ ಮಾತೂ ಎತ್ತಲಿಲ್ಲ. 'ಪ್ರತಿ ವರ್ಷ ಆ ಪರೇಡ್ ಮುಗಿಸ್ಕೊಂಡು ಬಂದು, ಊಟಕ್ಕೆ ಕುಂತಾಗ ಅಲ್ಲಿ ಓದಿದ ಹೆಸರು ಹೇಳೋರು ಅಣ್ಣ. ಯಾರೋ ಬೀದರ್‌ನೋರು, ಯಾರೋ ಕಾರವಾರದೋರು. ನಮಗೂ ಅವ್ರಿಗೂ ಏನ್ರಿ ಸಂಬಂಧ ಅಂತಿದ್ದೆ. ಒಂದಿನ ಆದ್ರೂ ಅವ್ರ ಹೆಸರು ಇನ್ನೊಬ್ರ ಮನೇಲಿ ಕೇಳಿಸ್ಬೇಕಲ್ಲೇ ಅನ್ನೋರು. ಈ ವರ್ಷ ಇವರ ಹೆಸರು ಓದ್ತಾರಾ ಅಣ್ಣ?'



ಅವತ್ತು ಬಸ್ಸಿನಿಂದ ಇಳಿಯಬೇಕಾಗಿದ್ದವಳು ಕಾವ್ಯ. ದೊಡ್ಡಉಳ್ಳಾರ್ತಿಯ ಹುಡುಗಿ, ಹೊಸ ಕಾನ್‌ಸ್ಟೆಬಲ್, ಪ್ರೊಬೇಷನ್ ಇನ್ನೂ ಮುಗಿದಿಲ್ಲ. ಸೋಮಾರಿತನ ಮಾಡಿ ತಪ್ಪಿಸಿಕೊಂಡವಳಲ್ಲ. ಠಾಣೆ ಹತ್ತಿರದ ಬಸ್ ಸ್ಟಾಪಿನಲ್ಲಿ, ಗೇಟಿಗೆ ಹೋಗುವ ಬಸ್ಸಿಗೆ ಕಾಯುತ್ತಾ ನನ್ನ ಪಕ್ಕದಲ್ಲೇ ನಿಂತಿದ್ದಳು. ಫೋನ್ ಬಂತು. ಯಾರೋ ಗಣ್ಯರು ಆ ದಾರಿಯಲ್ಲಿ ಹೋಗುತ್ತಾರೆ, ನೀವಿಬ್ಬರೂ ಅಲ್ಲೇ ಬಂದೋಬಸ್ತಿಗೆ ನಿಲ್ಲಿ ಅಂತ. ಈ ಹುಡುಗಿ ಹೇಳಿದಳು: 'ಸರ್, ಗೇಟ್‌ನಾಗೆ ಚಿತ್ತಪ್ಪ ಸರ್ ಒಬ್ರೇ ಅವ್ರೆ, ನಾನು ರಿಲೀವ್ ಮಾಡ್ಬೇಕು.' 'ಅದನ್ನ ನಾವು ನೋಡ್ಕೊಳ್ತೀವಿ, ನೀನು ಹೇಳಿದ್ದು ಮಾಡು' ಅಂತ ಆ ಕಡೆಯಿಂದ. ಫೋನು ಅವಳ ಕಿವಿಯಲ್ಲಿತ್ತು, ದನಿ ನನ್ನ ಕಿವಿಗೂ ಬಂತು. ಯಾರೂ ನೋಡಿಕೊಳ್ಳಲಿಲ್ಲ. ಗಣ್ಯರ ಕಾರು ಗ್ಲಾಸು ಏರಿಸಿಕೊಂಡು ಹೋಯಿತು.

ಈಗ ಕೇಳಿದರೆ ಆ ಫೋನ್ ಯಾರೂ ಮಾಡಿಲ್ಲವಂತೆ. ಬಾಯಿ ಮಾತಿನ ಆದೇಶ, ಎಲ್ಲೂ ಬರಹ ಇಲ್ಲ. ರಿಲೀವರ್ ಬರಲಿಲ್ಲ ಅಂತ ಬರೆದರೆ, ಯಾಕೆ ಬರಲಿಲ್ಲ ಅನ್ನುವ ಪ್ರಶ್ನೆ ಬರುತ್ತದೆ. ಆಗ ಮೊದಲು ಏಟು ಬೀಳುವುದು ಈ ಹುಡುಗಿಗೆ. ನಮ್ಮಲ್ಲಿ ಏಟು ಯಾವಾಗಲೂ ಕೆಳಗಿನಿಂದಲೇ ಶುರುವಾಗುತ್ತದೆ. ಆದರೂ ಕಾವ್ಯ ನನ್ನ ಹತ್ತಿರ ಬಂದು, 'ನಾನು ಹೋಗ್ಲಿಲ್ಲ ಅಂತ ಬರ್ದು ಕೊಡ್ತೀನಿ ಸರ್. ಕೆಲಸ ಹೋದ್ರೆ ಹೋಗ್ಲಿ, ಅವ್ರ ಹೆಸರು ಓದ್ಲಿ' ಅಂದಳು. ಅದನ್ನು ನಾಗರತ್ನಮ್ಮನವರಿಗೆ ಹೇಳಿದೆ. ಅವರೇನಂದರು ಗೊತ್ತಾ? 'ಬ್ಯಾಡಣ್ಣ. ಆ ಹುಡುಗಿ ಅನ್ನ ಕಿತ್ತುಕೊಂಡು ನನ್ನ ಗಂಡನ ಹೆಸರು ಓದಿಸ್ಬ್ಯಾಡ್ರಿ. ಅವ್ರಿಗೂ ಅದು ಸೇರಲ್ಲ.'

ಕೇಳಿದಿರಲ್ಲ? ಒಬ್ಬಳು ಕೆಲಸ ಬಿಡುತ್ತೇನೆ ಅಂತಾಳೆ. ಇನ್ನೊಬ್ಬರು ಗಂಡನ ಹೆಸರನ್ನೇ ಬಿಡುತ್ತೇನೆ ಅಂತಾರೆ. ಮಧ್ಯದಲ್ಲಿ ನಾವು — ತೋಳ ಮೇಲೆ ಪಟ್ಟಿ, ಹೆಗಲ ಮೇಲೆ ನಕ್ಷತ್ರ ಇಟ್ಟುಕೊಂಡವರು — ಹೂವಿನ ಹಾರ ತಂದಿದ್ದೇವೆ. ನನಗೆ ನಾಚಿಕೆಯಾಗುತ್ತದೆ. ಸಿಟ್ಟೂ ಬರುತ್ತದೆ. ಸಿಟ್ಟು ಮಾಡುವಷ್ಟು ತ್ರಾಣ ಈಗ ಉಳಿದಿಲ್ಲ, ಅದು ಬೇರೆ ಮಾತು.

ಸರ್, ಗಡಿಯಾರ ನೋಡುತ್ತಿದ್ದೀರಿ. ಮುಗಿಸ್ತೀನಿ.

ಆ ಫೋನ್ ಯಾರದು ಅಂತ ಈ ಮೈಕಿನಲ್ಲಿ ಹೇಳಲ್ಲ. ಸತ್ತವನ ಫೋಟೋದ ಮುಂದೆ ಹೇಳುವ ಮಾತಲ್ಲ ಅದು. ಹೇಳಬೇಕಾದ ಕಡೆ ಹೇಳುತ್ತೇನೆ. ನನ್ನನ್ನು ವಿಚಾರಣೆಗೆ ಯಾರೂ ಕರೆಯಲಿಲ್ಲ. ಕರೆಯದಿದ್ದರೂ ಹೋಗುತ್ತೇನೆ. ಈ ಸಭೆ ಮುಗಿದ ತಕ್ಷಣ ನನ್ನ ಹೇಳಿಕೆ ಕೊಡುತ್ತೇನೆ: ಆದೇಶ ಬಂದದ್ದು ಕೇಳಿದೆ, ಕಾವ್ಯಳನ್ನು ತಡೆದದ್ದು ನೋಡಿದೆ, ಜಾಕೆಟ್ ಮಡಚಿಡುವುದು ನಮ್ಮೆಲ್ಲರ ರೂಢಿ, ಚಿತ್ತಪ್ಪ ಸಾಯುವಾಗ ಡ್ಯೂಟಿಯಲ್ಲಿದ್ದ. ಮೊದಲ ಸಹಿ ನನ್ನದು. ಕಾವ್ಯಳದು ಅದರ ಕೆಳಗೆ. ಏಟು ಬಿದ್ದರೆ ಈ ಸಲ ಮೇಲಿನಿಂದ ಶುರುವಾಗಲಿ. ಬಾಬು ಸಾಬರು ಬರುತ್ತೇನೆ ಅಂದಿದ್ದಾರೆ. ಸಿದ್ದಲಿಂಗೇಶ್ ರಜೆ ಹಾಕಿ ಬಂದಿದ್ದಾರೆ. ಆ ಪಾಯಿಂಟಿನಲ್ಲಿ ನಿಂತು ಜಾಕೆಟ್ ಮಡಚಿಟ್ಟವರು ಈ ಹಾಲಿನಲ್ಲಿ ಇನ್ನೂ ಎಷ್ಟೋ ಜನ ಇದ್ದೀರಿ. ಯಾರ ಮುಖವನ್ನೂ ನಾನು ನೋಡುತ್ತಿಲ್ಲ. ಬರುವವರು ಬನ್ನಿ.

ಕಾವ್ಯ — ಬಾಗಿಲ ಹತ್ತಿರ ಕಂಬದ ಹಿಂದೆ ನಿಂತಿದ್ದೀಯಲ್ಲಮ್ಮ, ಈಚೆ ಬಾ. ಬಾ, ಪರವಾಗಿಲ್ಲ. ಸ್ವಲ್ಪ ದಾರಿ ಬಿಡ್ರಪ್ಪ ಆ ಹುಡುಗಿಗೆ... ನೋಡಿ, ನಾಗರತ್ನಮ್ಮನವರು ಪಕ್ಕಕ್ಕೆ ಸರಿದು ಜಾಗ ಮಾಡಿದ್ದಾರೆ. ಕೂತ್ಕೋ. ಅಳಬೇಡ. ಅತ್ತರೂ ಪರವಾಗಿಲ್ಲ, ಕೂತ್ಕೊಂಡು ಅಳು.

ನನ್ನ ಮಾತು ಆಯಿತು. ಈಗ ಎಲ್ಲರೂ ದಯವಿಟ್ಟು ಎದ್ದು ನಿಲ್ಲಿ. ಉಚ್ಚಂಗೆಮ್ಮನವರು ಏಳುವುದು ಬೇಡ. ಅವ್ವ, ನೀನು ಕೂತಿರು. ಫೋನ್‌ಗಳನ್ನು ಬಂದ್ ಮಾಡಿ. ಹೆಡ್ ಕಾನ್‌ಸ್ಟೆಬಲ್ ಚಿತ್ತಪ್ಪನಿಗಾಗಿ ಎರಡು ನಿಮಿಷ ಮೌನವಾಗಿರೋಣ.

ಎರಡೇ ನಿಮಿಷ. ಅದಕ್ಕಿಂತ ಹೆಚ್ಚು ಯಾರೂ ಸುಮ್ಮನಿರಬೇಡಿ.