ಗ್ಯಾಸ್ ಟ್ಯೂಬಿನ ಐದು ಇಂಚು

ಹೇಳಿಕೆ ಕೊಡುವವರು: ರೂಢಿಯಲ್ಲಿ ಎಲ್ಲರೂ ಕರೆಯುವಂತೆ ಗಡಿಯಾರದಕ್ಕ, ವಯಸ್ಸು 48 ವರ್ಷ, ಕಸುಬು ಟೀ ಅಂಗಡಿ, ವಾಸ ಹೆದ್ದಾರಿಯ 31ನೇ ಕಿಲೋಮೀಟರ್ ಕಲ್ಲಿನ ಎದುರು, ಅಂಗಡಿಯ ಹಿಂದಿನ ಕೋಣೆ.

ಯಾರೂ ಕರೆಸದೆ ನಾನಾಗಿಯೇ ಠಾಣೆಗೆ ಬಂದು, ತಮ್ಮ ಮುಂದೆ ಹೇಳಿ ಬರೆಸುವುದೇನೆಂದರೆ:

ನಾನು ಮೇಲಿನ ವಿಳಾಸದಲ್ಲಿ 22 ವರ್ಷಗಳಿಂದ ಟೀ ಅಂಗಡಿ ನಡೆಸುತ್ತಿದ್ದೇನೆ. ನನ್ನ ಜೊತೆ ನನ್ನ ಅತ್ತೆ, ವಯಸ್ಸು 74, ಇದ್ದಾರೆ. ಅವರಿಗೆ ಬಲಗಿವಿ ಕೇಳಿಸುವುದಿಲ್ಲ, ಕಣ್ಣು ಚೆನ್ನಾಗಿದೆ. ಅಂಗಡಿಯ ಗೋಡೆಗೆ ದೊಡ್ಡ ಗಡಿಯಾರವಿದೆ. ಬಸ್ಸಿನವರು ಅದನ್ನು ನೋಡಿಯೇ ಹೊರಡುವುದರಿಂದ ಅದು ತಪ್ಪು ತೋರಿಸದಂತೆ ದಿನಾ ಸರಿಪಡಿಸುತ್ತೇನೆ. ಇಲ್ಲಿ ಹೇಳುವ ಸಮಯಗಳೆಲ್ಲ ಆ ಗಡಿಯಾರದವು.

ಈ ತಿಂಗಳ 14ನೇ ತಾರೀಖು, ಮಂಗಳವಾರ, ಬೆಳಿಗ್ಗೆ 11 ಗಂಟೆ 5 ನಿಮಿಷಕ್ಕೆ ಆಕ್ಸಿಜನ್ ಸಿಲಿಂಡರ್ ಸಾಗಿಸುವ ಹಳೆಯ ಪೆಟ್ರೋಲ್ ವ್ಯಾನು ನನ್ನ ಅಂಗಡಿಯ ಮುಂದೆ ನಿಂತಿತು. ಅದರ ಚಾಲಕರು ವಾರಕ್ಕೆ ಎರಡು ಸಲ ಅದೇ ದಾರಿಯಲ್ಲಿ ಹೋಗುವವರು. ಸಕ್ಕರೆ ಕಡಿಮೆ ಹಾಕಿದ ಟೀ ಕುಡಿಯುತ್ತಾರೆ ಎಂಬುದು ಬಿಟ್ಟರೆ ನನಗೆ ಅವರ ಹೆಚ್ಚಿನ ಪರಿಚಯವಿಲ್ಲ. ಅವರು ಇಳಿದವರೇ ಟೀ ಕೇಳಲಿಲ್ಲ. "ಅಕ್ಕಾ, ಮೊದಲು ಒಲೆ ಆರಿಸಿ" ಎಂದರು. ಅಷ್ಟರಲ್ಲಿ ನನ್ನ ಮೂಗಿಗೂ ಪೆಟ್ರೋಲ್ ವಾಸನೆ ಬಂದಿತ್ತು. ನನ್ನ ಒಲೆಗೂ ವ್ಯಾನಿಗೂ ಹನ್ನೆರಡು ಹೆಜ್ಜೆ ದೂರ. ಒಲೆಯ ಎರಡೂ ಉರಿ ಆರಿಸಿ ರೆಗ್ಯುಲೇಟರ್ ಬಂದ್ ಮಾಡಿದೆ.

ಹೊರಗೆ ಬಂದು ನೋಡಿದಾಗ ವ್ಯಾನು ಬಂದ ದಾರಿಯುದ್ದಕ್ಕೂ ಡಾಂಬರಿನ ಮೇಲೆ ದಾರ ಎಳೆದ ಹಾಗೆ ಒದ್ದೆ ಗೆರೆ ಇತ್ತು. ಚಾಲಕರು ವ್ಯಾನಿನ ಕೆಳಗೆ ಮಲಗಿ ನೋಡಿದರು. ಟ್ಯಾಂಕಿನಿಂದ ಇಂಜಿನ್ನಿಗೆ ಹೋಗುವ ಕಬ್ಬಿಣದ ಪೈಪು ಗಾಡಿಯ ಅಡಿಯ ಚೌಕಟ್ಟಿಗೆ ಉಜ್ಜಿ ಉಜ್ಜಿ ಸವೆದು, ಒಂದು ಬೆರಳಿನಷ್ಟು ಉದ್ದ ಸೀಳಿದೆ ಎಂದು ಹೇಳಿದರು. ನಾನು ಕಾಳು ತೊಳೆಯುವ ಬೇಸಿನ್ ತಂದು ಕೆಳಗಿಟ್ಟೆ.

ಆ ಜಾಗದಲ್ಲಿ ನೀರಿನ ಪೈಪ್ ಹಾಕುವುದಕ್ಕೆಂದು ರಸ್ತೆಯ ಅರ್ಧ ಭಾಗ ಅಗೆದಿದ್ದಾರೆ. ಉಳಿದ ಅರ್ಧದಲ್ಲಿ ವ್ಯಾನು ನಿಂತಿದ್ದರಿಂದ ರಸ್ತೆ ಪೂರ್ತಿ ಮುಚ್ಚಿತು. ಮುಂದೆ 60 ಅಡಿ ಏರು, ಏರು ಮುಗಿದ ಮೇಲೆ ರಸ್ತೆ ಅಗಲವಾಗುತ್ತದೆ. ಅಲ್ಲಿಯತನಕ ತಳ್ಳಲು ನಮ್ಮ ಕೈಲಿ ಆಗುತ್ತಿರಲಿಲ್ಲ. ಏರಿನ ತುದಿಯಲ್ಲಿ ಅತ್ತೆ ಪ್ಲಾಸ್ಟಿಕ್ ಕುರ್ಚಿ ಹಾಕಿಸಿಕೊಂಡು ಕುಳಿತರು. ಎದುರಿನಿಂದ ಬಂದ ಗಾಡಿಗಳನ್ನು ಕೆಂಪು ಬಕೆಟ್ ಎತ್ತಿ ನಿಲ್ಲಿಸಿದರು. ಯಾರು ಏನೇ ಬೈದರೂ ಬಲಗಿವಿಯನ್ನೇ ಅವರ ಕಡೆ ತಿರುಗಿಸಿದರು. ಹಿಂದಿನಿಂದ ಆ ಹೊತ್ತಿನಲ್ಲಿ ಬಂದದ್ದು ಎರಡು ಬೈಕು, ಒಂದು ಸೈಕಲ್ಲು ಮಾತ್ರ.

11 ಗಂಟೆ 15 ನಿಮಿಷಕ್ಕೆ ಚಾಲಕರು ನಲವತ್ತು ಹೆಜ್ಜೆ ದೂರ ಹೋಗಿ ಫೋನು ಮಾಡಿದರು. ಹತ್ತಿರದ ಪೇಟೆ 19 ಕಿಲೋಮೀಟರ್. ಅಲ್ಲಿನ ಬಿಡಿಭಾಗದ ಅಂಗಡಿಗೆ ಮಂಗಳವಾರ ರಜೆ. ಮೆಕ್ಯಾನಿಕ್ ಫೋನಿನಲ್ಲಿ ಸಿಕ್ಕಿ, ಆ ಮಾಡೆಲ್ಲಿನ ಪೈಪು ಈಗ ಬರುವುದೇ ಇಲ್ಲ, ಮಾಡಿಸಬೇಕಾದರೆ ಮೂರು ದಿನ ಬೇಕು ಎಂದನಂತೆ. ಕಂಪನಿಯವರು ಬೇರೆ ವ್ಯಾನು ಕಳಿಸಲು ನಾಲ್ಕು ಗಂಟೆ ಬೇಕು ಎಂದರಂತೆ.

11 ಗಂಟೆ 22 ನಿಮಿಷಕ್ಕೆ ಅವರಿಗೇ ಒಂದು ಫೋನು ಬಂತು. ಮಾಡಿದವರು 46 ಕಿಲೋಮೀಟರ್ ಆಚೆಯ ನರ್ಸಿಂಗ್ ಹೋಮಿನ ನರ್ಸು. ಮಾತು ಮುಗಿಸಿ ಬಂದ ಚಾಲಕರ ಮುಖ ಸುಣ್ಣದ ಹಾಗೆ ಬಿಳಿಚಿತ್ತು. ಏನೆಂದು ಕೇಳಿದೆ. ಅಲ್ಲಿ ಮೂರು ಜನ ಆಕ್ಸಿಜನ್ನಿನ ಮೇಲೆ ಇದ್ದಾರೆ, ಒಂದು ಒಂಬತ್ತು ದಿನದ ಕೂಸು, ಇರುವ ಆಕ್ಸಿಜನ್ನು ಮಧ್ಯಾಹ್ನ ಎರಡು ಗಂಟೆಯವರೆಗೆ ಮಾತ್ರ ಎಂದರು. ದಾರಿಗೆ ಒಂದೂಕಾಲು ಗಂಟೆ, ಇಳಿಸಿ ಜೋಡಿಸಲು ಐದು ನಿಮಿಷ ಬೇಕು. ಅಂದರೆ 12 ಗಂಟೆ 40 ನಿಮಿಷದೊಳಗೆ ವ್ಯಾನು ಹೊರಡಲೇಬೇಕಿತ್ತು. ಈ ಲೆಕ್ಕವನ್ನು ನಾನೇ ಗಡಿಯಾರ ನೋಡಿ ಹೇಳಿದೆ.

ಕೆಳಗೆ ಪೆಟ್ರೋಲು, ಮೇಲೆ ಆಕ್ಸಿಜನ್ನು ಇಟ್ಟುಕೊಂಡು ಕೆಲಸ ಮಾಡುವ ಹಾಗಿಲ್ಲ ಎಂದು ಚಾಲಕರು ಮೊದಲು ಸಿಲಿಂಡರುಗಳನ್ನು ಇಳಿಸಿದರು. ಒಟ್ಟು 12 ಇದ್ದವು. ಒಂದೊಂದೂ ತುಂಬಿದ ಕೊಡದಷ್ಟು ಭಾರ. ನಾನು ಕೈ ಹಾಕಲು ಹೋದಾಗ ತಡೆದು, ಎಣ್ಣೆ ಕೈಯಲ್ಲಿ ಆಕ್ಸಿಜನ್ ಮುಟ್ಟಬಾರದು, ಎಣ್ಣೆ ಸೋಕಿದರೆ ತಾನಾಗಿಯೇ ಹೊತ್ತಿಕೊಳ್ಳುತ್ತದೆ ಎಂದರು. ಬೆಳಿಗ್ಗೆಯಿಂದ ನಾನು ಎಣ್ಣೆ ಬಾಣಲೆಯ ಮುಂದೆ ಇದ್ದವಳು. ಎರಡು ಸಲ ಸೋಪು ಹಚ್ಚಿ ಮೊಣಕೈವರೆಗೆ ತೊಳೆದು ಬಂದೆ. ಏಳನ್ನು ಅವರು, ಐದನ್ನು ನಾನು ಹೊತ್ತು ಅಂಗಡಿಯ ಹಿಂದಿನ ಗೋಡೆಯ ಮರೆಗೆ ಇಟ್ಟೆವು. ಆಗ 11 ಗಂಟೆ 38 ನಿಮಿಷ.

ಆಮೇಲೆ ಅವರು ಬಟ್ಟೆ ಸೋಪನ್ನು ನಾದಿ ಸೀಳಿನೊಳಗೆ ತುಂಬಿದರು, ಮೇಲೆ ಬಟ್ಟೆಯ ಪಟ್ಟಿ ಬಿಗಿದು ಕಟ್ಟಿದರು. ಸೋಪನ್ನು ಪೆಟ್ರೋಲು ಕರಗಿಸುವುದಿಲ್ಲವಂತೆ. ಹನಿ ನಿಂತಿತು. ನಾನು ಸಮಾಧಾನದ ಉಸಿರು ಬಿಡುವುದರೊಳಗೆ ಅವರು ಕೈಯಿಂದ ಪೈಪನ್ನು ಅಲ್ಲಾಡಿಸಿ ನೋಡಿದರು. ಮತ್ತೆ ಹನಿಯಿತು. ನಿಂತ ಗಾಡಿಗೆ ಇದು ಸಾಕು, ಓಡುವ ಗಾಡಿಗೆ ಸಾಲದು ಎಂದರು. ಸೀಳಿದ ಭಾಗ ಕತ್ತರಿಸಿ ತೆಗೆದು ನಡುವೆ ರಬ್ಬರ್ ಪೈಪು ಜೋಡಿಸಬೇಕು, ಅಂಥದ್ದೇನಾದರೂ ಇದೆಯೇ ಎಂದು ಕೇಳಿದರು. ನಾನು ನೀರಿನ ಹಸಿರು ಪೈಪು ತಂದುಕೊಟ್ಟೆ. ಅದು ಪೆಟ್ರೋಲಿಗೆ ಮೆತ್ತಗಾಗಿ ಕಳಚಿಕೊಳ್ಳುತ್ತದೆ ಎಂದು ಹಿಂತಿರುಗಿಸಿದರು.

ಆಗ ನನ್ನ ಕಣ್ಣು ಒಲೆಯ ಗ್ಯಾಸ್ ಟ್ಯೂಬಿನ ಮೇಲೆ ಬಿತ್ತು. ಹಾಕಿಸಿ ಐದು ತಿಂಗಳಾಗಿತ್ತು. ಅದನ್ನು ತೆಗೆದರೆ ಹೊಸದು ಬರುವವರೆಗೆ ಒಲೆ ಇಲ್ಲ, ಒಲೆ ಇಲ್ಲದೆ ಅಂಗಡಿ ಇಲ್ಲ. ಅತ್ತೆಯನ್ನು ಒಂದು ಮಾತು ಕೇಳೋಣವೆಂದು ಏರಿನ ತುದಿಗೆ ಓಡಿ, ಎಡಗಿವಿಯಲ್ಲಿ ಹೇಳಿದೆ. ಅವರು, "ಕೇಳೋಕೆ ಅಂತ ಅಷ್ಟು ದೂರ ಓಡಿ ಬಂದ್ಯಾ? ಕಿತ್ತು ಕೊಡೇ" ಎಂದು ಗದರಿದರು.

ಚಾಲಕರು ಟ್ಯೂಬನ್ನು ಮೂಸಿ, ಬಗ್ಗಿಸಿ, ಪೈಪಿಗೆ ಹಿಡಿದು ನೋಡಿದರು. ಇದು ಇದಕ್ಕೆಂದು ಮಾಡಿದ್ದಲ್ಲ, ಆದರೆ ಹಳೆಯ ಕಾರ್ಬೊರೇಟರ್ ಗಾಡಿಯಾದ್ದರಿಂದ ಪೈಪಿನಲ್ಲಿ ಒತ್ತಡ ಕಡಿಮೆ, ಒಂದು ದಿನದ ಮಟ್ಟಿಗೆ ತಡೆಯುತ್ತದೆ ಎಂದರು. ಐದು ಇಂಚು ಕತ್ತರಿಸಿಕೊಂಡರು. ಒಲೆಯ ಎರಡು ಕ್ಲಿಪ್ಪುಗಳನ್ನೂ ತೆಗೆದುಕೊಂಡರು.

11 ಗಂಟೆ 52 ನಿಮಿಷಕ್ಕೆ ಅವರು ಪುನಃ ಕೆಳಗೆ ಮಲಗಿ ಕಬ್ಬಿಣ ಕೊಯ್ಯುವ ಗರಗಸದ ಬ್ಲೇಡಿನಿಂದ ಪೈಪು ಕೊಯ್ಯತೊಡಗಿದರು. ಬ್ಲೇಡು ಬಿಸಿಯಾಗದಂತೆ ನಾನು ಪಕ್ಕದಲ್ಲಿ ಮಂಡಿಯೂರಿ ಸೋಪಿನ ನೀರು ಹನಿಸುತ್ತಿದ್ದೆ. ಒಂದು ಎಳೆತ, ಒಂದು ಹನಿ, ಹಾಗೆ. 12 ಗಂಟೆ 7 ನಿಮಿಷಕ್ಕೆ ತುಂಡು ಕಳಚಿತು. ಟ್ಯಾಂಕಿನ ಕಡೆಯ ತುದಿಯಿಂದ ಪೆಟ್ರೋಲು ಧಾರೆಯಾಗಿ ಸುರಿಯಿತು. ಅವರು ಎಡಗೈ ಹೆಬ್ಬೆರಳಿನಿಂದ ಅದನ್ನು ಅದುಮಿ ಹಿಡಿದರು. ಬಲಗೈಯಲ್ಲಿ ಇನ್ನೊಂದು ತುದಿ ಹಿಡಿದಿದ್ದರು. ಅಷ್ಟರಲ್ಲಿ ಅರ್ಧ ಬೇಸಿನ್ನಿನಷ್ಟು ಪೆಟ್ರೋಲು ನೆಲಕ್ಕೆ ಚೆಲ್ಲಿತ್ತು.

ಟ್ಯೂಬಿನ ಬಾಯಿ ಬಿಗಿಯಾಗಿದ್ದು ಪೈಪಿಗೆ ಏರುತ್ತಿರಲಿಲ್ಲ. ಬಿಸಿನೀರಿನಲ್ಲಿ ಅದ್ದಿದರೆ ಸಡಿಲವಾಗುತ್ತದೆ ಎಂದರು. ಒಲೆ ಹಚ್ಚುವ ಹಾಗಿರಲಿಲ್ಲ. ಫ್ಲಾಸ್ಕಿನಲ್ಲಿ ಹತ್ತೂವರೆಗೆ ತುಂಬಿಸಿದ ಟೀ ಇತ್ತು. ಅದನ್ನೇ ಲೋಟಕ್ಕೆ ಸುರಿದು ಟ್ಯೂಬನ್ನು ಅದ್ದಿ ಹಿಡಿದೆ. ಅವರು ಕೆಳಗಿನಿಂದಲೇ, "ಸಕ್ಕರೆ ಕಡಿಮೆ ಅಲ್ವಾ ಅಕ್ಕಾ?" ಎಂದು ಕೇಳಿದರು. ಆ ದಿನ ಅವರು ತಮಾಷೆ ಮಾಡಿದ್ದು ಅದೊಂದೇ ಸಲ.

12 ಗಂಟೆ 10 ನಿಮಿಷಕ್ಕೆ ಈ ಪ್ರಕರಣದ ದೂರುದಾರರು ಬಂದರು. ಅವರ ಬಿಳಿ ಕಾರು ಏರಿನ ತುದಿಯಲ್ಲಿ ಅತ್ತೆ ತಡೆದಿದ್ದ ಬಸ್ಸಿನ ಹಿಂದೆ ನಿಂತಿತ್ತು. ಅತ್ತೆ ಬಕೆಟ್ ಅಡ್ಡ ಹಿಡಿದರೂ ದಾಟಿ ಇಳಿದು ಬಂದರು. ವ್ಯಾನಿನ ಹಿಂದಿನ ಚಕ್ರದಿಂದ ನಾಲ್ಕು ಅಡಿಯಲ್ಲಿ ನಿಂತರು. ಬಾಯಲ್ಲಿ ಸಿಗರೇಟು, ಕೈಯಲ್ಲಿ ಲೈಟರ್ ಇತ್ತು. ಇನ್ನೆಷ್ಟು ಹೊತ್ತು ಎಂದು ಕೇಳಿದರು. ನಾನು, ಪೆಟ್ರೋಲು ಚೆಲ್ಲಿದೆ, ದಯವಿಟ್ಟು ಹಚ್ಚಬೇಡಿ, ಹಿಂದೆ ಹೋಗಿ ಎಂದೆ. "ಒಂದು ಗಂಟೆಯಿಂದ ನಿಂತಿದೀನಿ. ಇದೇನು ನಿಮ್ಮ ಮನೆ ಅಂಗಳಾನಾ?" ಎಂದರು. ಅವರು ಬಂದು ನಿಂತು ಇಪ್ಪತ್ತು ನಿಮಿಷವೂ ಆಗಿರಲಿಲ್ಲ. ನಾನು ಎರಡನೇ ಸಲ ಹೇಳಿದೆ. ಕೆಳಗೆ ಮನುಷ್ಯ ಮಲಗಿದ್ದಾನೆ ಎಂದು ಕಾಲು ತೋರಿಸಿದೆ. ಹೊರಗೆ ಕಾಣುತ್ತಿದ್ದುದು ಚಾಲಕರ ಎರಡು ಕಾಲು ಮಾತ್ರ. ಮಲಗಿದವನನ್ನು ಎಬ್ಬಿಸು, ಅವನ ಹತ್ತಿರವೇ ಮಾತಾಡುತ್ತೇನೆ ಎಂದರು. ಒಳಗಿನಿಂದ ಚಾಲಕರು ಮೆಲ್ಲಗೆ, "ಅಕ್ಕಾ, ನಾನು ಕೈ ಬಿಡೋ ಹಾಗಿಲ್ಲ" ಎಂದರು.

ನಾನು ಮೂರನೇ ಸಲ ಹೇಳಿದೆ. ಕೈ ಮುಗಿದೆ. ಅವರು ನನ್ನ ಮುಖವನ್ನೇ ನೋಡುತ್ತಾ ಲೈಟರ್ ಒತ್ತಿದರು. ಗಾಳಿಗೋ ಏನೋ ಹತ್ತಲಿಲ್ಲ. ಎರಡನೇ ಸಲ ಒತ್ತಲು ಹೆಬ್ಬೆರಳು ಎತ್ತಿದರು. ಟ್ಯೂಬು ನನ್ನ ಎಡಗೈಯಲ್ಲಿತ್ತು. ಬಲಗೈಯಿಂದ ಅವರ ಎಡಕೆನ್ನೆಗೆ ಹೊಡೆದೆ. ಕೈ ಟೀಯಲ್ಲಿ ಒದ್ದೆಯಾಗಿತ್ತು, ಸದ್ದು ಜೋರಾಗಿ ಬಂತು. ಲೈಟರ್ ಹಾರಿ ಅಗೆದ ಗುಂಡಿಗೆ ಬಿತ್ತು, ಸಿಗರೇಟೂ ಬಿತ್ತು. ಒಂದೇ ಏಟು. ಎರಡನೆಯದು ಹೊಡೆಯಲಿಲ್ಲ, ಬೈಯಲೂ ಇಲ್ಲ. ತಿರುಗಿ ಕುಳಿತು ಟ್ಯೂಬನ್ನು ಚಾಲಕರ ಕೈಗೆ ಕೊಟ್ಟೆ. ಎರಡು ಸಲ ಕೆಳಗೆ ಬಿತ್ತು, ಮೂರನೇ ಸಲ ಅವರಿಗೆ ಸಿಕ್ಕಿತು.

12 ಗಂಟೆ 16 ನಿಮಿಷಕ್ಕೆ ಎರಡೂ ಕ್ಲಿಪ್ಪು ಬಿಗಿದು ಚಾಲಕರು ಹೊರಗೆ ಬಂದರು. ಅವರ ಎಡಗೈ ಮೊಣಕೈವರೆಗೆ ನೆಂದು ಚರ್ಮ ಬೆಳ್ಳಗಾಗಿ ಸುಲಿದಿತ್ತು. ಒದ್ದೆಯಾದ ಜಾಗದಲ್ಲಿ ಇಂಜಿನ್ ಶುರು ಮಾಡಬಾರದೆಂದು ನೆಲಕ್ಕೆ ಮಣ್ಣು ಹಾಕಿದೆವು. ಬಸ್ಸಿನವರನ್ನು ಕರೆದು ವ್ಯಾನನ್ನು ಏರಿನ ತುದಿಗೆ ತಳ್ಳಿಸಿದೆವು. ಒಂಬತ್ತು ಜನ ಕೈ ಹಾಕಿದರು. ಅವರಲ್ಲಿ ದೂರುದಾರರೂ ಒಬ್ಬರು. ಯಾರೂ ಅವರನ್ನು ಕರೆದಿರಲಿಲ್ಲ. ಇದು ನಿಜವಾದ್ದರಿಂದ ಇದನ್ನೂ ಬರೆಸುತ್ತಿದ್ದೇನೆ.

ತಳ್ಳಿ ಮುಗಿದ ಮೇಲೆ ಬಸ್ಸಿನ ಪ್ರಯಾಣಿಕರೊಬ್ಬರು ದೂರುದಾರರ ಕೆನ್ನೆ ನೋಡಿ, ಇಲ್ಲಿ ಟೀ ಸ್ಟ್ರಾಂಗ್ ಆಗಿರುತ್ತದೆ ಎಂದು ಕಾಣುತ್ತದೆ ಎಂದರು. ಎಲ್ಲರೂ ನಕ್ಕರು. ನನ್ನ ಅತ್ತೆಯೂ ನಕ್ಕರು. ನಾನು ನಗಲಿಲ್ಲ. ದೂರುದಾರರು ವ್ಯಾನಿನ ನಂಬರ್ ಪ್ಲೇಟಿನ ಫೋಟೋ ತೆಗೆದುಕೊಂಡು ಕಾರು ಹತ್ತಿದರು. ನನ್ನ ಏಟಿಗಿಂತ ಆ ನಗು ಅವರಿಗೆ ಹೆಚ್ಚು ನೋವು ಮಾಡಿರಬಹುದು. ಇದು ನನ್ನ ಊಹೆ. ಊಹೆ ಬೇಡವೆಂದರೆ ಈ ಸಾಲನ್ನು ಹೊಡೆದುಹಾಕಬಹುದು.

ಸಾಲಾಗಿ ನಿಂತು ಕೈಯಿಂದ ಕೈಗೆ ಕೊಟ್ಟು 12 ಸಿಲಿಂಡರುಗಳನ್ನೂ ಮತ್ತೆ ಏರಿಸಿದೆವು. ಪ್ರತಿಯೊಬ್ಬರ ಕೈಯನ್ನೂ ಅತ್ತೆ ಮೂಸಿ ನೋಡಿಯೇ ಸಾಲಿಗೆ ಬಿಟ್ಟರು. 12 ಗಂಟೆ 33 ನಿಮಿಷಕ್ಕೆ ಇಂಜಿನ್ ಶುರುವಾಯಿತು. ಚಾಲಕರು ನಾಲ್ಕು ನಿಮಿಷ ಕೆಳಗೆ ಮಲಗಿ ನೋಡಿ, ಒಂದು ಹನಿಯೂ ಸೋರುತ್ತಿಲ್ಲ ಎಂದರು. 12 ಗಂಟೆ 37 ನಿಮಿಷಕ್ಕೆ ಹೊರಟರು. ಹತ್ತು ಕಿಲೋಮೀಟರಿಗೊಮ್ಮೆ ನಿಲ್ಲಿಸಿ ನೋಡಿಕೊಂಡು ಹೋಗುವುದಾಗಿ ಹೇಳಿದರು.

ನಾನು ಅಂಗಡಿಯಲ್ಲಿ ಕುಳಿತೆ. ಮಾಡಲು ಕೆಲಸವಿರಲಿಲ್ಲ. ಒಂದೂವರೆಯ ಮೇಲೆ ಗಡಿಯಾರದ ಕಡೆ ಬೆನ್ನು ಮಾಡಿ ಕುಳಿತೆ. 1 ಗಂಟೆ 53 ನಿಮಿಷಕ್ಕೆ ಫೋನು ಬಂತು. ಸಮಯವನ್ನು ಅತ್ತೆ ನೋಡಿ ಹೇಳಿದರು. ಚಾಲಕರು, "ಅಕ್ಕಾ, ಕೊಟ್ಟೆ. ಮೂರೂ ಜನ ಇದಾರೆ" ಎಂದರು. ನಾನು ಎದ್ದು ಗಡಿಯಾರದ ಕಡೆ ತಿರುಗಿ ಕುಳಿತೆ.

ಇಂದು 16ನೇ ತಾರೀಖು, ಗುರುವಾರ, ಬೆಳಿಗ್ಗೆ 8 ಗಂಟೆ 40 ನಿಮಿಷಕ್ಕೆ ಬಸ್ ಕಂಡಕ್ಟರ್ ಬಂದು ಒಂದು ವಿಷಯ ತಿಳಿಸಿದರು. ರಸ್ತೆ ಅಡ್ಡಗಟ್ಟಿ ಹಲ್ಲೆ ಮಾಡಿದನೆಂದು ವ್ಯಾನಿನ ಚಾಲಕರ ಮೇಲೆ ದೂರು ಬಂದಿದೆ, ನಿನ್ನೆ ಸಂಜೆಯಿಂದ ಅವರನ್ನು ಠಾಣೆಯಲ್ಲಿ ಕೂರಿಸಿದ್ದಾರೆ, ಕಂಪನಿಯವರು ಕೆಲಸದಿಂದ ನಿಲ್ಲಿಸಿದ್ದಾರೆ ಎಂದರು. ಅಂಗಡಿ ಬಾಗಿಲು ಹಾಕಿ, ಅತ್ತೆಯನ್ನು ಕರೆದುಕೊಂಡು ಅದೇ ಬಸ್ಸಿನಲ್ಲಿ ಹೊರಟು 10 ಗಂಟೆ 15 ನಿಮಿಷಕ್ಕೆ ಇಲ್ಲಿಗೆ ಬಂದೆ. ಚಾಲಕರು ಒಳಗಿನ ಬೆಂಚಿನ ಮೇಲೆ ಕುಳಿತಿದ್ದರು. ಎಡಗೈಗೆ ಪಟ್ಟಿ ಕಟ್ಟಿತ್ತು. ನನ್ನನ್ನು ನೋಡಿ ಎದ್ದು ನಿಂತು, ನೀವ್ಯಾಕೆ ಬಂದಿರಿ, ನಾನು ನಿಮ್ಮ ಮಾತು ಎತ್ತಿಲ್ಲ ಎಂದರು. ಅವರು ನನ್ನ ವಿಷಯ ಹೇಳಿರಲೇ ಇಲ್ಲ ಎಂದು ನನಗೆ ಗೊತ್ತಾದದ್ದು ಆಗಲೇ.

ಹೊಡೆದ ಹೊತ್ತಿನಲ್ಲಿ ಚಾಲಕರು ವ್ಯಾನಿನ ಕೆಳಗಿದ್ದರು. ಅವರ ಎರಡೂ ಕೈ ಪೈಪಿನ ಮೇಲಿದ್ದವು. ಹೊಡೆದ ಕೈ ನನ್ನದು. ಹೀಗೆಂದು ಬರೆದುಕೊಂಡರೆ ಪ್ರಕರಣ ನಿಮ್ಮ ಮೇಲೆ ಬರುತ್ತದೆ, ಯೋಚಿಸಿ ಹೇಳಿ ಎಂದು ತಾವು ನನಗೆ ಎರಡು ಸಲ ತಿಳಿಸಿದಿರಿ. ಯೋಚಿಸಲು ಬಸ್ಸಿನಲ್ಲಿ ಒಂದೂವರೆ ಗಂಟೆ ಸಿಕ್ಕಿತ್ತು. ಬರೆದುಕೊಳ್ಳಿ.

ಇಷ್ಟು ನಾನು ಹೇಳಿದ್ದು. ಬರೆದುಕೊಂಡವರು ಅತ್ತೆಯ ಎಡಗಿವಿಗೂ ಕೇಳುವ ಹಾಗೆ ಗಟ್ಟಿಯಾಗಿ ಓದಿ ಹೇಳಿದರು. ನಾನು ಹೇಳಿದ ಹಾಗೆಯೇ ಇದೆ, ಯಾರೂ ಹೆದರಿಸಿ ಹೇಳಿಸಿದ್ದಲ್ಲ, ಸುಳ್ಳಿದ್ದರೆ ನಾನೇ ಹೊಣೆ.

ಸ್ಥಳ: ಪೊಲೀಸ್ ಠಾಣೆ
ತಾರೀಖು: 16, ಗುರುವಾರ, ಬೆಳಿಗ್ಗೆ 11 ಗಂಟೆ 50 ನಿಮಿಷ

ಹೇಳಿಕೆ ಕೊಟ್ಟವರ ಸಹಿ
ಸಾಕ್ಷಿ: ಅತ್ತೆಯ ಹೆಬ್ಬೆಟ್ಟಿನ ಗುರುತು