ಮುಗಿಯಿತು ಎಂದು ಸಹಿ ಹಾಕಲಾಗದ ಕೆಲಸ

ವೇದಿಕೆಯ ಮೇಲಿರುವ ಅಧ್ಯಕ್ಷರೇ, ಇಂದು ನಿವೃತ್ತರಾಗುತ್ತಿರುವ ನಮ್ಮ ಡಾಕ್ಟರಮ್ಮನವರೇ, ಊಟದ ವಾಸನೆ ಬಂದರೂ ಎದ್ದುಹೋಗದ ಸಭಿಕರೇ,

ಮೊದಲು ಆ ಪಕ್ಕದ ಬಾಗಿಲನ್ನು ಯಾರಾದರೂ ತೆರೆದಿಡಿ. ಎಸಿಯ ತಂಪೆಲ್ಲ ಹೊರಗೆ ಹೋಗುತ್ತದೆ, ನಿಜ. ಹಣಕಾಸು ವಿಭಾಗದವನೇ ಕರೆಂಟು ಹಾಳುಮಾಡುತ್ತಾನೆ ಎಂದು ನೀವು ನಗಬಹುದು. ನಗಿ. ಬಾಗಿಲು ಮಾತ್ರ ತೆರೆದಿರಲಿ.

ಭೂಕಂಪವಾದ ಮೇಲೆ ಈ ನಗರ ಏನೆಲ್ಲ ಕಟ್ಟಲಿಲ್ಲ? ಸೇತುವೆ ಕಟ್ಟಿತು, ಶಾಲೆ ಕಟ್ಟಿತು, ಈ ಸಭಾಂಗಣವನ್ನೂ ಕಟ್ಟಿತು. ಎಲ್ಲದಕ್ಕೂ ಕೆಲಸ ಮುಗಿಯಿತು ಎಂದು ಸಹಿ ಹಾಕಿದವನು ನಾನೇ. ಡಾಕ್ಟರಮ್ಮನ ಮನೋವೈದ್ಯ ವಿಭಾಗಕ್ಕೆ ಮಾತ್ರ ಆ ಸಹಿ ಹಾಕುವ ಭಾಗ್ಯ ನನಗೆ ಬರಲಿಲ್ಲ. ವರ್ಷವರ್ಷವೂ ಬಜೆಟ್ ಸಭೆಯಲ್ಲಿ, “ಮೇಡಂ, ನಿಮ್ಮ ಕೆಲಸ ಯಾವಾಗ ಮುಗಿಯುತ್ತೆ?” ಎಂದು ಕೇಳುತ್ತಿದ್ದೆ. ಅವರು ಒಮ್ಮೆಯೂ ಸಿಡುಕಲಿಲ್ಲ. “ಕೆಲವರು ಈಗಷ್ಟೇ ಬರೋಕೆ ಶುರು ಮಾಡಿದಾರೆ ಸಾರ್” ಎನ್ನುತ್ತಿದ್ದರು.

ನಾನು ಬಿಡುವವನೇ? ಒಂದು ವರ್ಷದ ಸಭೆಯಲ್ಲಿ, “ನಮ್ಮನೇನೂ ಅಲ್ಲಾಡಿತ್ತು ಮೇಡಂ, ನಮಗೇನಾಗಿದೆ?” ಎಂದೆ. ನಿಜವಾಗಿಯೂ ನಮ್ಮ ಮನೆಯಲ್ಲಿ ಏನೂ ಆಗಿಲ್ಲ. ಒಂದು ಕಪಾಟು ಬಿತ್ತು, ಅಷ್ಟೆ. ಹಾಂ, ಸ್ನಾನಕ್ಕೆ ಹೋದರೆ ಬಚ್ಚಲ ಬಾಗಿಲು ಓರೆಯಾಗಿಯೇ ಇರಬೇಕು. ಹೊರಗೆ ಕುರ್ಚಿ ಹಾಕಿಕೊಂಡು ಒಬ್ಬರು ಗಟ್ಟಿಯಾಗಿ ಪೇಪರ್ ಓದುತ್ತಿರಬೇಕು. ದನಿ ನಿಂತರೆ ಕಷ್ಟ. ನಮ್ಮಾಕೆಯ ಭಯ ಅದು, ಪಾಪ. ಕಣ್ಣಿಗೆ ಸೋಪು ಹೋಗಿ ಉರಿಯುತ್ತಿದ್ದರೂ ನಾನು ಬಾಗಿಲ ಕಡೆಯಿಂದ ಮುಖ ತಿರುಗಿಸುವುದಿಲ್ಲ ನೋಡಿ, ಅವಳು ಹೊರಗೆ ಹವಾಮಾನ ವರದಿಯವರೆಗೂ ಓದಿ...

ಹೋಗಲಿ ಬಿಡಿ. ಬಾಯಿ ಜಾರಿದ್ದಾಯಿತು. ಮುಂದಿನ ಸಾಲಿನಲ್ಲಿ ನಮ್ಮಾಕೆ ತಲೆ ತಗ್ಗಿಸಿ ನಗುತ್ತಿದ್ದಾಳೆ. ಭಯ ಅವಳದಲ್ಲ.

ಇದನ್ನು ಡಾಕ್ಟರಮ್ಮನಿಗೆ ಯಾರೂ ಹೇಳಿರಲಿಲ್ಲ. ಆದರೂ ಆ ಸಭೆಯಲ್ಲಿ, ನಾನು ಅವರ ಖರ್ಚಿಗೆ ಕತ್ತರಿ ಹಾಕಲು ಹೊರಟಿದ್ದ ಹೊತ್ತಿಗೇ, ಅವರು ಕುರ್ಚಿಯಿಂದ ಎದ್ದು ಮೆಲ್ಲಗೆ, “ಸಾರ್, ನೀವಿಲ್ಲಿ ಕೂತ್ಕೊಳ್ಳಿ, ಇಲ್ಲಿಂದ ಬಾಗಿಲು ಕಾಣುತ್ತೆ” ಎಂದರು. ಪಕ್ಕದವರಿಗೂ ಕೇಳಿಸಲಿಲ್ಲ. ಎಂಥ ದೊಡ್ಡ ಮನಸ್ಸು ಅದು. ನನಗೋ ಮೂಗಿನ ತುದಿಯಲ್ಲೇ ಸಿಟ್ಟು. ಸಿಟ್ಟು ಇಳಿದ ಮೇಲೆ ಹೋಗಿ ಅವರ ಕೋಣೆಯ ಹೊರಗಿನ ಬೆಂಚಿನಲ್ಲಿ ಸರದಿ ಕಾದೆ. ಪಕ್ಕದಲ್ಲಿ ಸೇತುವೆ ಕಟ್ಟಿಸಿದ ಎಂಜಿನಿಯರ್ ಕೂತಿದ್ದರು. ಇಬ್ಬರೂ ಸೆಕೆಯ ಬಗ್ಗೆ ಬಹಳ ಹೊತ್ತು ಮಾತಾಡಿದೆವು.

ಅಧ್ಯಕ್ಷರು ಈಗ ತಾನೇ ಹೇಳಿದರು, ಭೂಕಂಪ ಹಳೆಯ ಕಥೆ, ಡಾಕ್ಟರಮ್ಮನ ನಿವೃತ್ತಿಯೊಂದಿಗೆ ವಿಭಾಗವನ್ನೂ ಮುಚ್ಚೋಣ ಎಂದು. ಅಧ್ಯಕ್ಷರೇ, ನೀವು ಹಿರಿಯರು. ಆದರೆ ಆ ಕಡತ ನನ್ನ ಮೇಜಿಗೇ ಬರಬೇಕು. ನಾನು ಸಹಿ ಹಾಕುವುದಿಲ್ಲ. ಸೇತುವೆ ಕಟ್ಟಿದರೆ ಸಾಕೇ? ಜನಕ್ಕೆ ಅದನ್ನು ದಾಟುವ ಧೈರ್ಯ ಬೇಡವೇ? ಅದಕ್ಕೂ ಖರ್ಚಿದೆ, ಅದನ್ನು ನಾವೇ ಕೊಡಬೇಕು.

ಡಾಕ್ಟರಮ್ಮ, ಕೊನೆಯದಾಗಿ ಒಂದು ಮಾತು. ನಾನು ತೆರೆಸಿದ ಆ ಪಕ್ಕದ ಬಾಗಿಲು ಗಾಳಿಗೆ ಆಗಲೇ ಮುಚ್ಚಿಕೊಂಡಿತು. ಬಚ್ಚಲ ವಿಷಯ ಹೇಳುತ್ತಿದ್ದಾಗಲೇ. ನಾನು ನೋಡಿದೆ. ನೋಡಿಯೂ ಇಲ್ಲಿಯವರೆಗೆ ಮಾತಾಡಿದೆ. ಇದು ನೀವು ಮಾಡಿದ ಕೆಲಸ.

ಕೇಳಿಸಿಕೊಂಡ ನಿಮಗೆಲ್ಲ ಧನ್ಯವಾದ, ನಮಸ್ಕಾರ. ಈಗ ಯಾರಾದರೂ ಬೇಗ ಎದ್ದು ಅದನ್ನು ತೆಗೆಯಿರಿ.